ಬಳ್ಳಾರಿಯ ಬೇಸಿಗೆಯಲ್ಲಿ ಲ್ಯಾಬ್ರಡಾರ್ ಮರಿ: ಕೈ ಕಚ್ಚುತ್ತದೆ, ಮಾಳಿಗೆಯ ಮೇಲೆ ಬೊಗಳುತ್ತದೆ, ಏನು ಮಾಡಬೇಕು?

ಕೌಲ್‌ಬಜಾರ್_ಟೀಚರ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ತುಂಬುತ್ತಿರುವ ಹೆಣ್ಣು ಲ್ಯಾಬ್ರಡಾರ್ ಮರಿಯೊಂದಿದೆ. ಮಾರಾಟಗಾರನಿಂದ ತರುವಾಗ ಅದಕ್ಕೆ ಇನ್ನೂ ಐದು ವಾರ; ತಾಯಿಯನ್ನು ಆತ ತೋರಿಸಲಿಲ್ಲ. ನಾನೂ ನಮ್ಮ ಯಜಮಾನರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಅತ್ತೆಯವರೊಬ್ಬರೇ ಇರುತ್ತಾರೆ. ಮರಿ ಪಡಸಾಲೆಯಲ್ಲಿ ಓಡಾಡುವುದು, ಅದರಲ್ಲೂ ದೇವರ ಕೋಣೆಯ ಕಡೆಗೆ ಸುಳಿಯುವುದು ಅವರಿಗೆ ಒಪ್ಪಿಗೆಯಿಲ್ಲವಾದ್ದರಿಂದ ಹಗಲು ಹೊತ್ತಿನಲ್ಲಿ ಅದನ್ನು ಮಾಳಿಗೆಯ ಮೇಲೆ, ತಗಡಿನ ಚಪ್ಪರದ ಕೆಳಗೆ, ಸರಪಳಿ ಹಾಕಿ ಕಟ್ಟುತ್ತೇವೆ.

ತೊಂದರೆ ಎರಡು. ಸಂಜೆ ಬಿಚ್ಚಿದ ಕೂಡಲೇ ಅದು ಕೈ, ಸೀರೆಯ ಸೆರಗು, ಮಕ್ಕಳ ಹಿಮ್ಮಡಿ ಎಲ್ಲವನ್ನೂ ಕಚ್ಚುತ್ತದೆ. ಆಟಕ್ಕಾಗಿಯೇ ಕಚ್ಚುತ್ತದೆ ಎಂದು ಅನ್ನಿಸಿದರೂ ಒಮ್ಮೊಮ್ಮೆ ರಕ್ತ ಬರುತ್ತದೆ. ಎರಡನೆಯದಾಗಿ, ಮಧ್ಯಾಹ್ನವೆಲ್ಲ ಎಡೆಬಿಡದೆ ಬೊಗಳುತ್ತದೆ; ಓಣಿಯವರು ಬಂದು ಹೇಳಿ ಹೋಗಿದ್ದಾರೆ. ಪೇಪರನ್ನು ಸುರುಳಿ ಸುತ್ತಿ ಎರಡೇಟು ಕೊಟ್ಟರೆ ಯಾರು ಯಜಮಾನರೆಂಬುದು ಅದಕ್ಕೆ ತಿಳಿಯುತ್ತದೆ ಎಂದು ನಮ್ಮ ಮೈದುನ ಹೇಳುತ್ತಾನೆ. ಬೆಂಗಳೂರಿನಲ್ಲಿ ಎರಡು ತಿಂಗಳು ಇಟ್ಟುಕೊಂಡು ತರಬೇತಿ ಕೊಡುವವರಲ್ಲಿ ಬಿಡೋಣ ಎಂದು ಯಜಮಾನರು ಹೇಳುತ್ತಾರೆ. ಮರಿಯನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂಬ ಸಲಹೆಯೊಂದನ್ನು ಬಿಟ್ಟು ಬೇರೆ ಏನಿದ್ದರೂ ದಯವಿಟ್ಟು ತಿಳಿಸಿ.

ಕೂಲರ್_ಮೆಕ್ಯಾನಿಕ್ (ರಾಯಚೂರು)

ಅಕ್ಕಾ, ಮೊದಲು ಆ ಮರಿಯನ್ನು ತಗಡಿನ ಕೆಳಗಿನಿಂದ ಕೆಳಗಿಳಿಸಿ. ಉಳಿದ ಪ್ರಶ್ನೆಗಳನ್ನು ಆಮೇಲೆ ಚರ್ಚಿಸೋಣ.

ನಿವೃತ್ತ_ಪಶುವೈದ್ಯ (ಬಳ್ಳಾರಿ)

ಮೇಲಿನವರು ಒಂದೇ ಮಾತಿನಲ್ಲಿ ಹೇಳಿದ್ದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ಅದು ತನ್ನ ಮೈಯ ಕಾವನ್ನು ಕಳೆದುಕೊಳ್ಳುವುದು ನಾಲಿಗೆ ಹೊರಚಾಚಿ ತೇಕುವುದರಿಂದ, ಅಂದರೆ ಬಾಯಿ ಮತ್ತು ಉಸಿರುದಾರಿಯ ತೇವ ಆವಿಯಾಗುವುದರಿಂದ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗೆ 40 ಡಿಗ್ರಿ ಸೆಲ್ಸಿಯಸ್ ದಾಟಿರುವಾಗ ತಗಡಿನ ಕೆಳಗಿನ ಗಾಳಿ ಅದಕ್ಕಿಂತಲೂ ಬಿಸಿಯಾಗಿರುತ್ತದೆ. ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿದ್ದರೆ ಕೆಳಗಿನಿಂದಲೂ ಕಾವು ಬರುತ್ತದೆ, ರಾತ್ರಿ ಎಂಟು ಗಂಟೆಗೂ ಆ ಕಲ್ಲು ತಣಿದಿರುವುದಿಲ್ಲ. ಲ್ಯಾಬ್ರಡಾರ್ ತಣ್ಣನೆಯ ಸೀಮೆಯ ತಳಿ. ಅದಕ್ಕೆ ಎರಡು ಪದರದ ಕೂದಲಿದೆ.

ಆರೋಗ್ಯವಂತ ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಅದು 105 ದಾಟಿತೆಂದರೆ ಜೀವಕ್ಕೆ ಅಪಾಯ. ಜೊಲ್ಲು ದಪ್ಪವಾಗಿ ಸುರಿಯುವುದು, ಒಸಡು ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು, ತೂರಾಡುವುದು, ವಾಂತಿ ಮಾಡಿಕೊಳ್ಳುವುದು ಕಂಡರೆ ನೆರಳಿಗೆ ತಂದು ಮೈಗೆ, ವಿಶೇಷವಾಗಿ ಹೊಟ್ಟೆ ಮತ್ತು ತೊಡೆಸಂದಿಗೆ ಸಾಧಾರಣ ತಣ್ಣೀರು ಹಾಕಿ, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಹಸಿ ಗೋಣಿಯನ್ನು ಮೈಮೇಲೆ ಹೊದಿಸಿ ಬಿಡಬಾರದು. ಸ್ವಲ್ಪ ಹೊತ್ತಿಗೆ ಆ ಗೋಣಿಯೇ ಕಾವನ್ನು ಒಳಗೆ ಹಿಡಿದಿಡುತ್ತದೆ. ಗೋಣಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಮಲಗಿಸಬಹುದು.

ನಿಮ್ಮ ಮರಿ ಮಧ್ಯಾಹ್ನ ಬೊಗಳುವುದು ಕೆಟ್ಟ ಅಭ್ಯಾಸವಲ್ಲ, ದೂರು.

ತೋರಣಗಲ್ಲು_ಶಿಫ್ಟ್

ಡಾಕ್ಟರ್ ಸರ್, ಗೌರವದಿಂದಲೇ ಕೇಳುತ್ತೇನೆ. ನಮ್ಮ ಊರಿನ ಬೀದಿನಾಯಿಗಳು ಇದೇ ಬಿಸಿಲಿನಲ್ಲಿ ಹುಟ್ಟಿ, ಇದೇ ಬಿಸಿಲಿನಲ್ಲಿ ಬೆಳೆಯುತ್ತವೆ. ಅವುಗಳಿಗೆ ಯಾರೂ ಗೋಣಿ ಹಾಸುವುದಿಲ್ಲ, ಫ್ಯಾನ್ ಹಾಕುವುದಿಲ್ಲ. ಸಾಕಿದ ನಾಯಿಗೆ ಮಾತ್ರ ಇಷ್ಟೆಲ್ಲ ಉಪಚಾರ ಏಕೆ? ನಾನು ರಾತ್ರಿಪಾಳಿ ಮುಗಿಸಿ ಹಗಲು ಮಲಗುವವನು. ಪಕ್ಕದ ಮನೆಯ ನಾಯಿಯ ಬೊಗಳುವಿಕೆಯನ್ನು ‘ದೂರು’ ಎಂದು ಗೌರವಿಸುವಷ್ಟು ತಾಳ್ಮೆ ನನಗಿಲ್ಲ.

ಸಂಡೂರು_ಗುಡ್ಡ

ಬೀದಿನಾಯಿ ಮಧ್ಯಾಹ್ನ ಎಲ್ಲಿರುತ್ತದೆ ಎಂಬುದನ್ನು ಒಮ್ಮೆ ಗಮನಿಸಿ, ಅಣ್ಣಾ. ನಿಂತ ಲಾರಿಯ ಕೆಳಗೆ, ಕಟ್ಟಡ ಕಟ್ಟುವಲ್ಲಿ ನೀರು ಹಾಯಿಸಿದ ಮರಳಿನ ಗುಡ್ಡೆಯಲ್ಲಿ, ನಲ್ಲಿಕಟ್ಟೆಯ ಹಸಿ ಮಣ್ಣಿನಲ್ಲಿ ತಾನೇ ತೋಡಿಕೊಂಡ ಕುಳಿಯಲ್ಲಿ ಮಲಗಿರುತ್ತದೆ. ಬಿಸಿಲು ಸರಿದಂತೆ ತಾನೂ ಸರಿಯುತ್ತದೆ. ಕಟ್ಟಿದ ನಾಯಿಗೆ ಆ ಸ್ವಾತಂತ್ರ್ಯವಿಲ್ಲ, ಅದರ ನೆರಳು ಎಲ್ಲಿರಬೇಕೆಂಬುದನ್ನು ಸರಪಳಿಯ ಉದ್ದವೇ ತೀರ್ಮಾನಿಸುತ್ತದೆ. ವ್ಯತ್ಯಾಸವಿರುವುದು ಅಲ್ಲಿ. ನಿಮ್ಮ ನಿದ್ದೆಯ ಕಷ್ಟ ನಿಜವೇ, ಆದರೆ ಅದಕ್ಕೆ ಪರಿಹಾರವೂ ಆ ಸರಪಳಿಯನ್ನು ಬಿಚ್ಚುವುದರಲ್ಲಿಯೇ ಇದೆ.

ಕೂಲರ್_ಮೆಕ್ಯಾನಿಕ್ (ರಾಯಚೂರು)

ನನ್ನ ಕಸುಬಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಭಾಗದ ಒಣ ಹವೆಯಲ್ಲಿ ಏರ್‌ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ನಾಯಿಗೂ ಹಿತವಾಗಿರುತ್ತದೆ. ಆದರೆ ಅನೇಕರು ಕಿಟಕಿ, ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಕೂಲರ್ ಹಾಕುತ್ತಾರೆ. ಆಗ ಕೋಣೆಯಲ್ಲಿ ತೇವ ತುಂಬಿಕೊಂಡು ಗಾಳಿ ಜಿಗುಟಾಗುತ್ತದೆ. ಡಾಕ್ಟರ್ ಹೇಳಿದಂತೆ ನಾಯಿ ತಣಿಯುವುದು ಬಾಯಿಯ ತೇವ ಆವಿಯಾಗುವುದರಿಂದಲೇ ಎಂದಾದರೆ, ತೇವ ತುಂಬಿದ ಕೋಣೆಯಲ್ಲಿ ಅದು ಎಷ್ಟು ತೇಕಿದರೂ ಪ್ರಯೋಜನ ಕಡಿಮೆ. ಕೂಲರಿನ ಎದುರು ದಿಕ್ಕಿನ ಕಿಟಕಿಯನ್ನು ಅರ್ಧ ತೆರೆದಿಡಿ. ವೈರನ್ನು ಮರಿಗೆ ಎಟುಕದಂತೆ ಗೋಡೆಗೆ ಬಿಗಿಯಿರಿ. ಹಲ್ಲು ಬರುವ ವಯಸ್ಸಿನ ಮರಿಗಳು ಕಡಿದುಹಾಕಿದ ವೈರುಗಳನ್ನು ನಾನು ಸಾಕಷ್ಟು ಬದಲಾಯಿಸಿದ್ದೇನೆ.

ಗಂಗಾವತಿ_ಅಕ್ಕಿಗಿರಣಿ

ಕಚ್ಚುವ ವಿಷಯಕ್ಕೆ ಬರುತ್ತೇನೆ. ಟೀಚರಮ್ಮ, ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧಭಾಗವಿದೆ: ಮರಿ ಬಂದದ್ದು ಐದು ವಾರಕ್ಕೆ. ಮರಿಗಳು ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತ, ಎಷ್ಟು ಜೋರಾಗಿ ಕಚ್ಚಿದರೆ ಎದುರಿನ ಮರಿ ಕುಂಯ್‌ಗುಟ್ಟಿ ಆಟ ಬಿಟ್ಟು ಹೋಗುತ್ತದೆ, ಎಷ್ಟು ಕಚ್ಚಿದರೆ ತಾಯಿ ಮೊಲೆ ಬಿಡಿಸಿ ಎದ್ದು ಹೋಗುತ್ತಾಳೆ ಎಂಬುದನ್ನು ಕಲಿಯುವುದೇ ಆ ವಾರಗಳಲ್ಲಿ. ಆ ಪಾಠ ಅದಕ್ಕೆ ತಪ್ಪಿಹೋಗಿದೆ, ಈಗ ನೀವು ಕಲಿಸಬೇಕು. ಇದರ ಮೇಲೆ ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ಒಸಡು ತುರಿಸುತ್ತದೆ. ಸಿಕ್ಕಿದ್ದನ್ನೆಲ್ಲ ಕಡಿಯುವ ಆಸೆ ಸಹಜ.

ಮಾಡಬೇಕಾದದ್ದು ಇಷ್ಟು. ಹಲ್ಲು ಚರ್ಮಕ್ಕೆ ತಾಗಿದ ಕ್ಷಣವೇ ಆಟ ನಿಲ್ಲಬೇಕು. ಕೂಗಾಡದೆ, ಕೈ ಜಾಡಿಸದೆ (ಜಾಡಿಸಿದ ಕೈ ಮರಿಯ ಕಣ್ಣಿಗೆ ಓಡುವ ಇಲಿ, ಇನ್ನಷ್ಟು ಹುರುಪಿನಿಂದ ಬೆನ್ನಟ್ಟುತ್ತದೆ) ಎದ್ದು ತಿರುಗಿ ನಿಂತುಬಿಡಿ, ಇಲ್ಲವೇ ಬಾಗಿಲ ಆಚೆಗೆ ಹೋಗಿ ಅರ್ಧ ನಿಮಿಷ ಬಿಟ್ಟು ಬನ್ನಿ. ಮತ್ತೆ ಬಂದಾಗ ಕಡಿಯಲು ತಕ್ಕದ್ದೊಂದನ್ನು ಕೊಡಿ: ದಪ್ಪ ರಬ್ಬರಿನ ಆಟಿಕೆ, ನೆನೆಸಿ ಫ್ರಿಜ್ಜಿನಲ್ಲಿಟ್ಟ ಹಳೆಯ ಬಟ್ಟೆಯ ಗಂಟು, ಒಂದು ಗಜ್ಜರಿ. ಅದನ್ನು ಕಡಿದಾಗ ಹೊಗಳಿ. ಮಕ್ಕಳು ಓಡಿದರೆ ಮರಿ ಹಿಮ್ಮಡಿಗೆ ಬೀಳುವುದು ಖಂಡಿತ, ಆದ್ದರಿಂದ ಮರಿಯನ್ನು ಬಿಚ್ಚಿದ ಮೊದಲ ಸ್ವಲ್ಪ ಹೊತ್ತು ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ. ಹಗಲೆಲ್ಲ ಒಂಟಿಯಾಗಿ ಕಟ್ಟಿಸಿಕೊಂಡು ಸಂಜೆ ಒಮ್ಮೆಲೇ ಜನರ ನಡುವೆ ಬಂದ ಮರಿಯಿಂದ ಸಮಾಧಾನವನ್ನು ನಿರೀಕ್ಷಿಸುವುದು ಕಷ್ಟ. ಹಗಲಿನ ಏರ್ಪಾಟು ಬದಲಾಗದೆ ಸಂಜೆಯ ಕಚ್ಚಾಟ ಪೂರ್ತಿ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೆಯ_ಅಲ್ಸೇಷಿಯನ್ (ಬಳ್ಳಾರಿ)

ಇಷ್ಟೆಲ್ಲ ನಯ ನಾಜೂಕು ಬೇಡ. ನಮ್ಮ ತಂದೆಯವರ ಕಾಲದಿಂದ ಮನೆಯಲ್ಲಿ ಅಲ್ಸೇಷಿಯನ್ ನಾಯಿಗಳಿದ್ದವು, ಒಂದೂ ಮನೆಯವರಿಗೆ ಹಲ್ಲು ತೋರಿಸಲಿಲ್ಲ. ಕಾರಣ, ಮರಿಯಾಗಿದ್ದಾಗಲೇ ಕುತ್ತಿಗೆಯ ಚರ್ಮ ಹಿಡಿದು ನೆಲಕ್ಕೆ ಒತ್ತಿ ಯಜಮಾನ ಯಾರೆಂದು ತಿಳಿಸುತ್ತಿದ್ದರು. ನಾಯಿ ಮೂಲದಲ್ಲಿ ತೋಳವೇ. ತೋಳದ ಹಿಂಡಿನಲ್ಲಿ ಬಲಶಾಲಿಯಾದ ಒಂದು ನಾಯಕನಾಗಿ ಉಳಿದವನ್ನೆಲ್ಲ ಅಡಗಿಸಿಡುತ್ತದೆ. ಮೈದುನರ ಮಾತಿನಲ್ಲಿ ತಪ್ಪಿಲ್ಲ.

ಗವಿಮಠದ_ದಾರಿ (ಕೊಪ್ಪಳ)

ಹಿರಿಯರೇ, ಈ ‘ನಾಯಕ ತೋಳ’ದ ಕಥೆ ಎಲ್ಲಿಂದ ಬಂತೆಂಬುದನ್ನು ತಿಳಿದರೆ ನೀವೇ ಅದನ್ನು ಕೈಬಿಡುತ್ತೀರಿ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ 1947ರಲ್ಲಿ ಬರೆದದ್ದು ಅದರ ಮೂಲ. ಅವು ಬೋನಿನೊಳಗೆ ಒಟ್ಟಿಗೆ ಕೂಡಿಹಾಕಿದ ತೋಳಗಳು. ಕಾದಾಡದೆ ಅವುಗಳಿಗೆ ಬೇರೆ ದಾರಿಯಿರಲಿಲ್ಲ. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಆ ಮಾತನ್ನು ಜನಪ್ರಿಯಗೊಳಿಸಿದರು. ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ, ಹಿಂಡೆಂದರೆ ಸಾಮಾನ್ಯವಾಗಿ ಒಂದು ಕುಟುಂಬ, ನಾಯಕರೆಂದರೆ ತಂದೆತಾಯಿ, ಅವರು ಹೊಡೆದಾಡಿ ಆ ಸ್ಥಾನ ಗಳಿಸಿದವರಲ್ಲ ಎಂದು ಬರೆದು ತಮ್ಮ ಹಿಂದಿನ ಮಾತನ್ನು ತಾವೇ ತಿದ್ದಿಕೊಂಡರು. ನಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಜೀವಿ ಧಾಮವಿದೆ. ಅಲ್ಲಿಯ ತೋಳಗಳೂ ಮರಿ ಸಾಕುವುದು ಸಂಸಾರವಾಗಿಯೇ.

ಇನ್ನು ನೆಲಕ್ಕೆ ಒತ್ತಿದ ಮರಿ ಸುಮ್ಮನಾಗುವುದು ಭಯದಿಂದ. ಭಯಪಟ್ಟ ನಾಯಿ ಒಂದು ದಿನ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚುತ್ತದೆ, ಏಕೆಂದರೆ ಗುರುಗುಟ್ಟಿದರೆ ಪೆಟ್ಟು ಬೀಳುತ್ತದೆಂದು ನಾವೇ ಕಲಿಸಿರುತ್ತೇವೆ. ಎಚ್ಚರಿಕೆಯ ಗಂಟೆಯನ್ನು ಕಿತ್ತುಹಾಕಿ ಮನೆ ಸುರಕ್ಷಿತವಾಯಿತೆಂದು ಭಾವಿಸಬಾರದು.

ಹಳೆಯ_ಅಲ್ಸೇಷಿಯನ್ (ಬಳ್ಳಾರಿ)

ಬಾಸೆಲ್, ಅಮೆರಿಕ ಎಲ್ಲ ಇರಲಿ, ತಮ್ಮಾ. ನಮ್ಮ ನಾಯಿಗಳು ಕಚ್ಚಲಿಲ್ಲ ಎಂಬುದೂ ಸತ್ಯವೇ ಅಲ್ಲವೇ?

ಗವಿಮಠದ_ದಾರಿ (ಕೊಪ್ಪಳ)

ಸತ್ಯವೇ. ಆದರೆ ಅವು ಕಚ್ಚದಿದ್ದುದಕ್ಕೆ ಪೆಟ್ಟು ಕಾರಣವೋ, ದಿನವೂ ಹೊಲಕ್ಕೆ ಜೊತೆಗೆ ಹೋಗಿ ಬರುತ್ತಿದ್ದುದು ಕಾರಣವೋ ಎಂಬುದನ್ನು ಹೇಳಲಾಗದು. ನಿಮ್ಮ ತಂದೆಯವರು ಅವನ್ನು ತಗಡಿನ ಕೆಳಗೆ ಕಟ್ಟಿರಲಿಲ್ಲ ಎಂದು ಭಾವಿಸುತ್ತೇನೆ.

ಹಳೆಯ_ಅಲ್ಸೇಷಿಯನ್ (ಬಳ್ಳಾರಿ)

ಕಟ್ಟಿರಲಿಲ್ಲ. ಹಗಲು ಹೊಲದಲ್ಲಿ, ರಾತ್ರಿ ಅಂಗಳದಲ್ಲಿ ಬಿಟ್ಟಿರುತ್ತಿದ್ದರು. ಆದರೂ ಶಿಸ್ತಿನ ವಿಷಯದಲ್ಲಿ ನನ್ನ ಮಾತನ್ನು ನಾನು ಬಿಡುವುದಿಲ್ಲ.

ಕುರಿಹಟ್ಟಿ_ಕುಷ್ಟಗಿ

ನಾವು ಕುರಿ ಕಾಯುವವರು, ನಾಯಿಯಿಲ್ಲದೆ ನಮಗೆ ರಾತ್ರಿಯಿಲ್ಲ. ಹಟ್ಟಿಯ ನಾಯಿಗೆ ಯಾರೂ ಪಾಠ ಹೇಳಿಕೊಡುವುದಿಲ್ಲ. ಮರಿಯನ್ನು ಕುರಿಮರಿಗಳ ನಡುವೆಯೇ ಬಿಟ್ಟು ಬೆಳೆಸುತ್ತೇವೆ, ದೊಡ್ಡ ನಾಯಿಗಳ ಬೆನ್ನಿಗೆ ತಿರುಗುತ್ತ ಅದು ತಾನೇ ಕಲಿಯುತ್ತದೆ. ಕುರಿಯನ್ನು ಕಚ್ಚಿ ಎಳೆದಾಡುವ ಮರಿಯನ್ನು ಹೊಡೆದರೆ ಅದು ನಮ್ಮ ಕಣ್ಣೆದುರು ಮಾತ್ರ ಬಿಡುತ್ತದೆ; ನಾವಿಲ್ಲದಾಗ ಮತ್ತೆ ಎಳೆಯುತ್ತದೆ. ತಾಯಿಕುರಿ ತಲೆಯಿಂದ ಹಾಯ್ದು ಒಮ್ಮೆ ಕೆಡವಿದರೆ ಮಾತ್ರ ಶಾಶ್ವತವಾಗಿ ಬಿಡುತ್ತದೆ. ತೋಳ ಬರುವ ಕಡೆಗಳಲ್ಲಿ ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತೇವೆ, ಅದು ನಾಯಿಯನ್ನು ಕಾಪಾಡಲು. ಪಟ್ಟಣದವರು ಅಂದಕ್ಕಾಗಿ ಕಟ್ಟಿದ್ದನ್ನು ನೋಡಿ ಆಶ್ಚರ್ಯವಾಯಿತು.

ಕಾನೂನು_ವಿದ್ಯಾರ್ಥಿ (ರಾಯಚೂರು)

ಸರಪಳಿಯ ಮಾತು ಬಂದಿರುವುದರಿಂದ ಒಂದು ಮಾಹಿತಿ. 1960ರ ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಅತಿಯಾಗಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಿಂದ ಅತಿಯಾದ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿರುವ ನಾಯಿಯನ್ನು ಸಾಕಷ್ಟು ಓಡಾಡಿಸದೆ ಇರುವುದನ್ನೂ ಅದೇ ಕಲಮು ಪ್ರತ್ಯೇಕವಾಗಿ ಅಪರಾಧವೆನ್ನುತ್ತದೆ. ಮೊದಲ ಬಾರಿಯ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತೇ ರೂಪಾಯಿ. ಇಂದು ಆ ಹಣಕ್ಕೆ ಒಂದು ಒಳ್ಳೆಯ ಸರಪಳಿಯೂ ಸಿಗುವುದಿಲ್ಲ. ಹಾಗೆಯೇ 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಐದು ವಾರದ ಮರಿಯನ್ನು ಮಾರಿದಾತ ನಿಯಮ ಮುರಿದಿದ್ದಾನೆ.

ಕೌಲ್‌ಬಜಾರ್_ಟೀಚರ್ (ಬಳ್ಳಾರಿ)

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರೊಡನೆ ಮಾತನಾಡಿದ್ದೇನೆ. ಬಚ್ಚಲಿನ ಪಕ್ಕದ ಹಿಂದಿನ ಕೋಣೆಯಲ್ಲಿ ಫ್ಯಾನ್ ಇದೆ, ಬಿಸಿಲು ಬೀಳುವುದಿಲ್ಲ. ಅಲ್ಲಿಗೆ ಅಡ್ಡ ಬಾಗಿಲೊಂದನ್ನು ಹಾಕಿಸಿದರೆ ಸರಪಳಿಯಿಲ್ಲದೆ ಬಿಡಬಹುದೆಂದು ಅವರು ಒಪ್ಪಿದ್ದಾರೆ. ಬೆಂಗಳೂರಿನ ತರಬೇತಿಯ ಬಗ್ಗೆ ಯಾರೂ ಹೇಳಲಿಲ್ಲ. ಊಟದ ಬಗ್ಗೆಯೂ ಕೇಳಬೇಕಿತ್ತು: ನಮ್ಮದು ಲಿಂಗಾಯತರ ಮನೆ, ಮಾಂಸವನ್ನು ಒಳಗೆ ತರುವುದಿಲ್ಲ. ಈಗ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಕೆಲವೊಮ್ಮೆ ಅನ್ನ-ಸಾರು ಹಾಕುತ್ತಿದ್ದೇವೆ.

ಗಂಗಾವತಿ_ಅಕ್ಕಿಗಿರಣಿ

ಬೆಂಗಳೂರಿಗೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಕಲಿಸುವವರು ಎಷ್ಟೇ ಒಳ್ಳೆಯವರಿರಲಿ, ಅಲ್ಲಿ ನಾಯಿ ಕಲಿಯುವುದು ಅವರ ಮಾತಿಗೆ, ಅವರ ಅಂಗಳದಲ್ಲಿ. ಮನೆಗೆ ಬಂದ ಮೇಲೆ ಸೆರಗು ಹಿಡಿದರೆ ಅತ್ತೆಯವರು ಕಿರುಚುತ್ತಾರೆ, ಮಕ್ಕಳು ಓಡುತ್ತಾರೆ. ಹಳೆಯ ಆಟ ಮತ್ತೆ ಶುರುವಾಗುತ್ತದೆ. ತರಬೇತಿ ಆಗಬೇಕಾದದ್ದು ಮನೆಮಂದಿಗೆಲ್ಲ. ಮನೆಗೇ ಬಂದು ನಿಮ್ಮೆದುರು ಕಲಿಸುವವರು ಸಿಕ್ಕರೆ ಹಣ ಕೊಡಿ, ಸಿಗದಿದ್ದರೆ ನೀವೇ ಸಾಕು. ನೀವು ಶಿಕ್ಷಕಿ, ನಾನು ಹೇಳಬೇಕಾಗಿಲ್ಲ: ಪಾಠ ಚಿಕ್ಕದಿರಬೇಕು, ಒಮ್ಮೆಗೆ ಐದು ನಿಮಿಷ ಸಾಕು, ಊಟಕ್ಕೆ ಮುಂಚೆ ಹಸಿವಿರುವಾಗ ಮಾಡಬೇಕು. ಚೂರು ಪನೀರನ್ನೋ ಬೇಯಿಸಿದ ಕಡಲೆಯನ್ನೋ ಮೂಗಿನ ಮೇಲಿನಿಂದ ಹಿಂದಕ್ಕೆ ಒಯ್ದರೆ ತಲೆ ಎತ್ತಿ ತಾನೇ ಕೂರುತ್ತದೆ. ಕುಂಡೆ ನೆಲಕ್ಕೆ ತಾಗಿದ ಕ್ಷಣದಲ್ಲೇ ಕೊಡಬೇಕು. ನಾಲ್ಕು ಸೆಕೆಂಡು ತಡವಾದರೆ ಅದು ಎದ್ದು ನಿಂತಿರುತ್ತದೆ, ಬಹುಮಾನ ಎದ್ದು ನಿಂತದ್ದಕ್ಕೆ ಸಂದಿರುತ್ತದೆ. ಅತ್ತೆಯವರ ಕೈಯಿಂದಲೇ ದಿನಕ್ಕೊಂದು ಪಾಠ ಮಾಡಿಸಿ. ಸೆರಗು ಎಳೆಯುವ ಬದಲು ಎದುರಿಗೆ ಬಂದು ಕೂರುವ ಮರಿಯ ಮೇಲೆ ಅವರಿಗೂ ಬೇರೆ ಭಾವನೆ ಬರುತ್ತದೆ.

ಒಂದು ಎಚ್ಚರಿಕೆ: ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮರಿ ಹೊಸ ಜನ, ಸದ್ದು, ಜಾಗಗಳಿಗೆ ಸುಲಭವಾಗಿ ಹೊಂದಿಕೊಳ್ಳುವ ಕಾಲ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ. ಆ ಹೊತ್ತಿನ ಬಹುಪಾಲು ನಿಮ್ಮ ಮರಿ ಮಾಳಿಗೆಯ ಮೇಲಿತ್ತು. ಆದ್ದರಿಂದ ಪೇಟೆಯ ಗದ್ದಲ, ಆಟೋ, ಕುಕ್ಕರಿನ ಸೀಟಿ ಎಲ್ಲವನ್ನೂ ದೂರದಿಂದ, ನಿಧಾನವಾಗಿ, ತಿಂಡಿಯ ಜೊತೆಗೆ ಪರಿಚಯಿಸಿ.

ಹತ್ತಿ_ವ್ಯಾಪಾರಿ (ರಾಯಚೂರು)

ಊಟಕ್ಕೆ ಅಷ್ಟೊಂದು ಚಿಂತೆ ಬೇಡ, ಅಕ್ಕಾ. ನಮ್ಮ ನಾಯಿ ರೊಟ್ಟಿ, ಪಲ್ಯ, ಉಳಿದ ಸುಸಲಾ (ಮಂಡಕ್ಕಿ ಒಗ್ಗರಣೆ) ಎಲ್ಲವನ್ನೂ ತಿಂದು ಗಟ್ಟಿಯಾಗಿದೆ.

ನಿವೃತ್ತ_ಪಶುವೈದ್ಯ (ಬಳ್ಳಾರಿ)

ಸುಸಲಾದಲ್ಲಿ ಉಳ್ಳಾಗಡ್ಡಿ ಇರುತ್ತದೆ, ವ್ಯಾಪಾರಿಗಳೇ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ಹಸಿಯಾಗಿರಲಿ ಬೇಯಿಸಿದ್ದಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದು ದಿನಕ್ಕೆ ಏನೂ ಕಾಣುವುದಿಲ್ಲ, ದಿನವೂ ಸ್ವಲ್ಪ ಸ್ವಲ್ಪ ಸೇರಿದರೆ ರಕ್ತಹೀನತೆ ಬರುತ್ತದೆ. ಟೀಚರ್ ಅವರ ಸಾರಿಗೂ ಇದೇ ಮಾತು. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ, ಚಾಕೊಲೇಟ್ ಹೃದಯಕ್ಕೆ ಅಪಾಯ. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿ ಸಾಮಾನ್ಯವಾಗಿ ಇರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇವೆಲ್ಲಕ್ಕಿಂತಲೂ ವೇಗವಾಗಿ ಕೆಡಿಸುತ್ತದೆ.

ರೊಟ್ಟಿಯನ್ನು ನಾಯಿ ಜೀರ್ಣಿಸಿಕೊಳ್ಳಬಲ್ಲದು. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ಹೆಚ್ಚಾಗಿವೆಯೆಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಮನುಷ್ಯರ ಬೇಸಾಯದ ಜೊತೆಯಲ್ಲಿ ನಾಯಿಯೂ ಬದಲಾಯಿತು. ಆದರೆ ಬೆಳೆಯುವ ಮರಿಗೆ ರೊಟ್ಟಿಯೊಂದೇ ಸಾಲದು, ಪ್ರೋಟೀನ್ ಬೇಕು. ಮಾಂಸ ತರದ ಮನೆಯಲ್ಲಿ ಅತ್ಯಂತ ಸುಲಭದ ದಾರಿಯೆಂದರೆ ದೊಡ್ಡ ತಳಿಯ ಮರಿಗಳಿಗೆಂದೇ ತಯಾರಿಸಿದ ಒಣ ಆಹಾರ. ಅದು ಬೇಡವೆಂದಾದರೆ ಮೊಸರು, ಪನೀರ್, ಚೆನ್ನಾಗಿ ಬೇಯಿಸಿದ ಬೇಳೆ, ಮತ್ತು ಅಂಗಳದಲ್ಲಾದರೂ ಬೇಯಿಸಲು ಒಪ್ಪಿಗೆಯಿದ್ದರೆ ಮೊಟ್ಟೆ. ಪ್ರಮಾಣವನ್ನು ತೂಕ ನೋಡಿ ವೈದ್ಯರಿಂದ ಬರೆಸಿಕೊಳ್ಳಿ. ಹಾಲು ಕುಡಿದು ಭೇದಿಯಾಗುತ್ತಿದ್ದರೆ ಹಾಲು ನಿಲ್ಲಿಸಿ, ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಸಮತೋಲಿತ ಒಣ ಆಹಾರ ಕೊಡುತ್ತಿರುವಾಗ ಅಂಗಡಿಯವರ ಮಾತು ಕೇಳಿ ಕ್ಯಾಲ್ಸಿಯಂ ಟಾನಿಕ್ ಸೇರಿಸಬೇಡಿ. ಲ್ಯಾಬ್ರಡಾರಿನಂತಹ ದೊಡ್ಡ ತಳಿಯ ಮರಿಗಳಲ್ಲಿ ಅತಿಯಾದ ಕ್ಯಾಲ್ಸಿಯಂ ಮೂಳೆ, ಕೀಲುಗಳ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಇದಕ್ಕಿಂತ ತುರ್ತಾದ ವಿಷಯವೊಂದನ್ನು ಯಾರೂ ಎತ್ತಲಿಲ್ಲ. ಮಕ್ಕಳಿಗೆ ರಕ್ತ ಬರುವಂತೆ ಕಚ್ಚಿದೆ ಎಂದಿದ್ದೀರಿ. ಮರಿಗೆ ರೇಬೀಸ್ ಲಸಿಕೆ ಆಗಿದೆಯೇ?

ಕೌಲ್‌ಬಜಾರ್_ಟೀಚರ್ (ಬಳ್ಳಾರಿ)

ಬೇರೆ ಎರಡು ಲಸಿಕೆಗಳಾಗಿವೆ, ರೇಬೀಸಿನದು ಮುಂದಿನ ವಾರ ಎಂದು ಕಾರ್ಡಿನಲ್ಲಿ ಬರೆದಿದ್ದಾರೆ. ಗಾಯಕ್ಕೆ ಅತ್ತೆಯವರು ಅರಿಶಿನ ಹಚ್ಚಿದ್ದರು. ಮನೆಯ ಮರಿಗೆ ರೇಬೀಸ್ ಹೇಗೆ ಬರುತ್ತದೆ, ಸರ್?

ನಿವೃತ್ತ_ಪಶುವೈದ್ಯ (ಬಳ್ಳಾರಿ)

ತಾಯಿ ಯಾವುದೆಂದು ತಿಳಿಯದ, ಲಸಿಕೆಯಾಗದ ಮರಿಯನ್ನು ಈ ವಿಷಯದಲ್ಲಿ ಮನೆಯ ಮರಿಯೆಂದು ಪರಿಗಣಿಸುವಂತಿಲ್ಲ. ಬಹುಶಃ ಏನೂ ಆಗಿರುವುದಿಲ್ಲ, ಆದರೆ ರೇಬೀಸ್ ಲಕ್ಷಣಗಳು ಕಾಣಿಸಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪವಾದ್ದರಿಂದ ಇಲ್ಲಿ ‘ಬಹುಶಃ’ ಸಾಲದು. ನಾಳೆ ಬೆಳಿಗ್ಗೆಯೇ ಮಕ್ಕಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಮುಂದೆ ಯಾವ ನಾಯಿ ಕಚ್ಚಿದರೂ, ಪರಚಿದರೂ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯವಿದ್ದರೆ ಬಿಟ್ಟುಬಿಡಿ, ಅದು ಹಳೆಯ ಲಸಿಕೆಯ ಮಾತು. ಈಗ ತೋಳಿನ ಚರ್ಮದಲ್ಲಿ ಕೊಡುವ ಪದ್ಧತಿಯಲ್ಲಿ 0, 3, 7 ಮತ್ತು 28ನೆಯ ದಿನ (ಮೊದಲ ಡೋಸಿನ ದಿನವೇ 0) ಕೊಡುತ್ತಾರೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೊಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕಾಗಬಹುದು, ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿಯೇ ಇದ್ದರೆ ಮುಂದಿನ ಡೋಸುಗಳ ಬಗ್ಗೆಯೂ ಅವರನ್ನೇ ಕೇಳಿ. ಮರಿಯ ಲಸಿಕೆಯನ್ನು ಮುಂದೂಡಬೇಡಿ.

ತೋರಣಗಲ್ಲು_ಶಿಫ್ಟ್

ಇದು ನನಗೂ ತಿಳಿದಿರಲಿಲ್ಲ. ಟೀಚರ್, ಉಳಿದ ಚರ್ಚೆ ಇರಲಿ, ಮೊದಲು ಹೋಗಿ ಬನ್ನಿ.

ಹತ್ತಿ_ವ್ಯಾಪಾರಿ (ರಾಯಚೂರು)

ಉಣ್ಣಿಯ ಬಗ್ಗೆಯೂ ಹೇಳಿ, ಡಾಕ್ಟರ್ ಸಾಹೇಬರೇ. ಬೇಸಿಗೆಯಲ್ಲಿ ನಮ್ಮ ನಾಯಿಯ ಕಿವಿಯೊಳಗೆ ಗೊಂಚಲುಗಟ್ಟುತ್ತವೆ. ಹೊಲಕ್ಕೆ ಹೊಡೆಯುವ ಔಷಧಿಯನ್ನೇ ನೀರಿಗೆ ಬೆರೆಸಿ ಒರೆಸಿದರೆ ಒಂದೇ ದಿನಕ್ಕೆ ಉದುರುತ್ತವೆ ಎಂದು ನಮ್ಮ ಆಳು ಹೇಳುತ್ತಾನೆ.

ನಿವೃತ್ತ_ಪಶುವೈದ್ಯ (ಬಳ್ಳಾರಿ)

ಉಣ್ಣಿಯ ಜೊತೆ ನಾಯಿಯೂ ಉದುರುತ್ತದೆ. ಹತ್ತಿ, ಭತ್ತ ಬೆಳೆಯುವ ನಮ್ಮ ಕಡೆ ಈ ಅನಾಹುತಕ್ಕೆ ಕೊರತೆಯಿಲ್ಲ: ಜೊಲ್ಲು, ನಡುಕ, ಸೆಳೆತ, ಸಾವು. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಸೀಮೆಎಣ್ಣೆಯೂ ಬೇಡ. ತೂಕ ನೋಡಿ ವೈದ್ಯರು ಕೊಡುವ ಅಗಿಯುವ ಮಾತ್ರೆ ಅಥವಾ ಬೆನ್ನಿಗೆ ಬಿಡುವ ಹನಿ ಸಾಕು. ನಮ್ಮ ಮನೆಗಳಲ್ಲಿ ಕಾಣುವ ಕಂದು ಉಣ್ಣಿ ನಾಯಿಯ ಮೈಯಿಂದ ಇಳಿದು ಗೋಡೆಯ ಬಿರುಕಿನಲ್ಲಿ, ಫರಸಿಯ ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ನಾಯಿಗೆ ಮಾತ್ರ ಔಷಧಿ ಮಾಡಿ ಗೋಡೆಯನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಹತ್ತುತ್ತವೆ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಇದೇ ಉಣ್ಣಿ ಹರಡುವ ಎರ್ಲಿಕಿಯಾ ರೋಗದಲ್ಲಿ ಜ್ವರ ಬರುತ್ತದೆ, ನಾಯಿ ಊಟ ಬಿಡುತ್ತದೆ, ಒಸಡು ಬಿಳಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ. ‘ಬಿಸಿಲಿಗೆ ಊಟ ಬಿಟ್ಟಿದೆ’ ಎಂದು ಕಾದು ಕುಳಿತವರು ತಡವಾಗಿ ಬರುತ್ತಾರೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಬೇಗ ಬಂದರೆ ಗುಣವಾಗುತ್ತದೆ.

ಸಂಡೂರು_ಗುಡ್ಡ

ಬೇಸಿಗೆಗೆ ಲ್ಯಾಬ್ರಡಾರಿನ ಕೂದಲನ್ನು ಪೂರ್ತಿ ಬೋಳಿಸುವುದು ಒಳ್ಳೆಯದೇ?

ನಿವೃತ್ತ_ಪಶುವೈದ್ಯ (ಬಳ್ಳಾರಿ)

ಬೇಡ. ಬೋಳಿಸಿದ ಚರ್ಮ ನೇರವಾಗಿ ಬಿಸಿಲಿಗೆ ಸುಡುತ್ತದೆ, ಕೂದಲು ಮತ್ತೆ ಸರಿಯಾಗಿ ಬಾರದಿರುವುದೂ ಉಂಟು. ದಿನವೂ ಬ್ರಶ್ ಮಾಡಿ ಒಳಪದರದ ಸತ್ತ ಕೂದಲನ್ನು ತೆಗೆಯಿರಿ, ಅಷ್ಟೇ.

ಹಳೆಯ_ಅಲ್ಸೇಷಿಯನ್ (ಬಳ್ಳಾರಿ)

ಇಷ್ಟೆಲ್ಲ ಕಷ್ಟಪಡುವ ಬದಲು ನಮ್ಮ ಹವೆಗೆ ಒಗ್ಗುವ ಮುಧೋಳ ನಾಯಿಯನ್ನು ತರಬಾರದಿತ್ತೇ? ಸೈನ್ಯವೂ ಅದನ್ನು ತೆಗೆದುಕೊಂಡಿದೆ.

ಕಾನೂನು_ವಿದ್ಯಾರ್ಥಿ (ರಾಯಚೂರು)

ಮುಧೋಳ ನಾಯಿಯನ್ನು ಸೈನ್ಯ 2016ರಲ್ಲಿ ತರಬೇತಿಗೆ ತೆಗೆದುಕೊಂಡದ್ದು ನಿಜ. 2005ರಲ್ಲಿ ಅದರ ಅಂಚೆಚೀಟಿಯೂ ಬಂದಿದೆ. ಆದರೆ ಇಲ್ಲಿರುವುದು ಲ್ಯಾಬ್ರಡಾರ್, ಅದನ್ನು ಬದಲಾಯಿಸಿಕೊಳ್ಳುವ ಪ್ರಶ್ನೆಯೇ ಇಲ್ಲವೆಂದು ಅವರು ಮೊದಲೇ ಹೇಳಿದ್ದಾರೆ.

ಕುರಿಹಟ್ಟಿ_ಕುಷ್ಟಗಿ

ಮುಧೋಳದ್ದು ಕಣ್ಣಿನಿಂದ ಬೇಟೆಯನ್ನು ಹಿಡಿಯುವ ನಾಯಿ. ದೂರದಲ್ಲಿ ಮೊಲ ಓಡಿದರೆ ನೀವು ಕೂಗುವುದು ಅದಕ್ಕೆ ಕೇಳಿಸುವುದಿಲ್ಲ. ಓಡಲು ಬಯಲು ಬೇಕು, ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ನೆಮ್ಮದಿಯಿಲ್ಲ. ನಮ್ಮ ಹಳ್ಳಿಗಳಲ್ಲಿ ಅದನ್ನು ಮೊಲದ ಬೇಟೆಗೆ ಬಿಡುವವರು ಇನ್ನೂ ಇದ್ದಾರೆ. ಸಿಕ್ಕಿಬಿದ್ದರೆ ಜೈಲು ಎಂಬುದನ್ನೂ ತಿಳಿದುಕೊಂಡಿರಲಿ.

ಕೌಲ್‌ಬಜಾರ್_ಟೀಚರ್ (ಬಳ್ಳಾರಿ)

ಆಸ್ಪತ್ರೆಗೆ ಹೋಗಿ ಬಂದೆವು, ಮಕ್ಕಳಿಗೆ ಮೊದಲ ಡೋಸ್ ಆಯಿತು. ಕೊನೆಯದಾಗಿ ಒಂದು ಪ್ರಶ್ನೆ: ವಾಕಿಂಗಿಗೆ ಯಾವ ಹೊತ್ತು ಸರಿ? ಯಜಮಾನರು ರಜೆಯ ದಿನ ಕಾಲುವೆಗೆ ಒಯ್ದು ಈಜಿಸೋಣ ಎನ್ನುತ್ತಿದ್ದಾರೆ.

ಗಂಗಾವತಿ_ಅಕ್ಕಿಗಿರಣಿ

ಬೆಳಿಗ್ಗೆ ಆರರೊಳಗೆ, ರಾತ್ರಿ ಊಟಕ್ಕೆ ಮುಂಚೆ. ಹೊರಡುವ ಮೊದಲು ನಿಮ್ಮ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಹಿಡಿಯಿರಿ. ಏಳು ಸೆಕೆಂಡು ತಡೆಯಲಾಗದಿದ್ದರೆ ಮರಿಯ ಅಂಗಾಲೂ ತಡೆಯುವುದಿಲ್ಲ. ಇನ್ನು ಕಾಲುವೆಯ ಯೋಚನೆಯನ್ನು ಪೂರ್ತಿ ಬಿಡಿಸಿ. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದಲ್ಲೇ ಇರುವವನು. ಲೈನಿಂಗ್ ಮಾಡಿದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ನೀರು ಬಿಟ್ಟಾಗ ಸೆಳೆತ ಜೋರಾಗಿರುತ್ತದೆ. ಲ್ಯಾಬ್ರಡಾರ್ ಎಷ್ಟೇ ಚೆನ್ನಾಗಿ ಈಜಲಿ, ಹತ್ತಿ ಬರಲು ಅದಕ್ಕೆ ಕಾಲೂರುವ ಜಾಗವಿಲ್ಲ. ಹಿಡಿಯಲು ಇಳಿದವರೂ ಕೊಚ್ಚಿಹೋಗುತ್ತಾರೆ.

ಕೂಲರ್_ಮೆಕ್ಯಾನಿಕ್ (ರಾಯಚೂರು)

ಹಳೆಯ ಕೂಲರಿನ ತಳದ ಟಬ್ ಗುಜರಿಯಲ್ಲಿ ಸಿಗುತ್ತದೆ. ಫೈಬರಿನದನ್ನೇ ಆರಿಸಿ, ತಗಡಿನದಾದರೆ ಅಂಚು ಕೊಯ್ಯುತ್ತದೆ. ಬಚ್ಚಲಿನ ಪಕ್ಕದ ನೆರಳಿನಲ್ಲಿಟ್ಟು ಮೊಣಕಾಲು ಮುಳುಗುವಷ್ಟು ನೀರು ತುಂಬಿ. ದಿನವೂ ಚೆಲ್ಲಿ ಹೊಸ ನೀರು ಹಾಕಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತವೆ.